ಭಕ್ತಿಯುಳ್ಳ ಹುಳುಗಳ ಸೈನ್ಯ

ನಾನು ಯಾರ ತಂಟೆಗೂ ಹೋಗುವವನಲ್ಲ. ಹೊಳಲ್ಕೆರೆಯಲ್ಲಿ ನನ್ನದೊಂದು ಔಷಧಿ ಅಂಗಡಿ. ಬೆಳಿಗ್ಗೆ ಪೂಜೆ, ಆಮೇಲೆ ವ್ಯಾಪಾರ, ಶನಿವಾರ ತಪ್ಪದೆ ಅಮ್ಮನ ಜೊತೆ ಹನುಮಪ್ಪನ ಗುಡಿ. ಇಷ್ಟು ಸಪ್ಪೆಯಾಗಿ ಬದುಕುವವನನ್ನೇ ಹುಡುಕಿಕೊಂಡು ಇಂಥ ಪ್ರಸಂಗಗಳು ಯಾಕೆ ಬರುತ್ತವೋ ನಾನರಿಯೆ. ಜಗತ್ತು ನಡೆಸಿ ದಣಿದ ಭಗವಂತನಿಗೂ ಸಂಜೆ ಹೊತ್ತು ಸ್ವಲ್ಪ ನಗು ಬೇಕಲ್ಲ, ಅದಕ್ಕೆ ನಮ್ಮಂಥವರನ್ನು ಇಟ್ಟುಕೊಂಡಿರಬೇಕು.

ಧರ್ಮದ ಪಕ್ಷ

ಚಿತ್ರದುರ್ಗದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುವ ಮೇಷ್ಟ್ರೊಬ್ಬರು ನನ್ನ ಬಾಲ್ಯದ ಗೆಳೆಯ. ಒಳ್ಳೆಯ ಮನುಷ್ಯ; ದೇವರೊಬ್ಬನನ್ನು ಬಿಟ್ಟು ಮಿಕ್ಕ ಎಲ್ಲವನ್ನೂ ನಂಬುತ್ತಾರೆ. ಅವರಿಗೊಂದು ಹವ್ಯಾಸ. ಬೆರಳುದ್ದದ ಪ್ಲಾಸ್ಟಿಕ್ ಸೈನಿಕರು ಬಿಡಿಬಿಡಿ ಭಾಗಗಳಾಗಿ ಪೆಟ್ಟಿಗೆಯಲ್ಲಿ ಬರುತ್ತಾರೆ. ಅಂಟಿಸಬೇಕು, ಬಣ್ಣ ಬಳಿಯಬೇಕು, ಆಮೇಲೆ ಮೇಜಿನ ಮೇಲೆ ಎರಡು ಸೈನ್ಯ ಎದುರುಬದುರು ನಿಲ್ಲಿಸಿ ದಾಳ ಹಾಕಿ ಯುದ್ಧ ಮಾಡಬೇಕು. ಬಣ್ಣವಿಲ್ಲದ ಸೈನಿಕನಿಗೆ ಮೇಜಿನ ಮೇಲೆ ಪ್ರವೇಶವಿಲ್ಲ. ದುರ್ಗದಲ್ಲಿ ಅವರ ಜೊತೆ ಆಡುವವರು ಯಾರೂ ಇರಲಿಲ್ಲವಾದ್ದರಿಂದ ನನ್ನ ಮೇಲೆ ಕಣ್ಣು ಬಿತ್ತು.

ಮೊದಲು ಒಂದು ಸಿನಿಮಾ ತೋರಿಸಿದರು. ಬೇರೆ ಯಾವುದೋ ಗ್ರಹದಲ್ಲಿ ಮನುಷ್ಯರಿಗೂ ಎಮ್ಮೆ ಗಾತ್ರದ ಹುಳುಗಳಿಗೂ ಲಡಾಯಿ. ಆಟದ ಸೈನ್ಯಗಳೂ ಇವೇ ಎರಡಂತೆ.

"ಯಾವ ಪಕ್ಷ ತಗಂತೀಯ, ಆರಿಸ್ಕೊ" ಅಂದರು.

ನಾನು ಮತ್ತೊಮ್ಮೆ ಗಮನವಿಟ್ಟು ನೋಡಿದೆ. ಮನುಷ್ಯರು ಇಡೀ ಸಿನಿಮಾದಲ್ಲಿ ಒಂದು ಸಲವೂ ಕೈಮುಗಿಯಲಿಲ್ಲ. ಊಟಕ್ಕೆ ಮುಂಚೆ ಇಲ್ಲ, ಯುದ್ಧಕ್ಕೆ ಮುಂಚೆ ಇಲ್ಲ, ಸಾಯುವಾಗ ಮಾತ್ರ ಬೈದರು. ಹುಳುಗಳೋ, ಹೊರಡುವ ಮೊದಲು ಎಲ್ಲವೂ ಸಾಲಾಗಿ ನಿಂತು ತಮ್ಮ ತಾಯಿಹುಳುವಿನ ಮುಂದೆ ತಲೆ ನೆಲಕ್ಕೆ ಮುಟ್ಟಿಸಿದವು.

"ಹುಳು" ಅಂದೆ.

"ಲೇ, ಅವು ರಾಕ್ಷಸರ ಕಡೇವು!"

"ಇರಬಹುದು. ಭಕ್ತಿ ಇರೋದು ಅವಕ್ಕೆ ಮಾತ್ರ."

ಮೇಷ್ಟ್ರು ನಕ್ಕು ಪಂಥ ಕಟ್ಟಿದರು. ನಾನು ಸೋತರೆ ಒಂದು ಶನಿವಾರ ಗುಡಿಗೆ ಹೋಗದೆ ಮನೆಯಲ್ಲೇ ಕೂರಬೇಕು. ಅವರು ಸೋತರೆ ಗುಡಿಗೆ ಬಂದು ಹನುಮಪ್ಪನಿಗೆ ಅಡ್ಡಬೀಳಬೇಕು. ಜ್ವರ ಬಂದಾಗಲೂ ತಪ್ಪಿಸದ ಶನಿವಾರ ಅದು. ಆದರೂ ಒಬ್ಬ ನಾಸ್ತಿಕ ಅಡ್ಡಬೀಳುವ ಪುಣ್ಯದ ಆಸೆಗೆ ಒಪ್ಪಿಕೊಂಡೆ.

ಮನೆಗೆ ಬಂದು ಹೆಂಡತಿಗೆ ಎಲ್ಲ ವಿವರಿಸಿದೆ. ಅವಳು ಶಾಂತವಾಗಿ ಕೇಳಿದಳು: "ಹಂಗಾರೆ ಇನ್ಮೇಲೆ ಅಡಿಗೆಮನೆ ಜಿರಳೆಗೆ ಔಷಧಿ ಹೊಡೀಲೋ, ಅರಿಶಿನ ಕುಂಕುಮ ಇಡಲೋ?"

ಶುಭ ಗಳಿಗೆ

ನಾನು ತರಿಸಿದ ಹುಳುಸೈನ್ಯದ ಪಾರ್ಸಲ್ ಹಿರಿಯೂರಿಗೆ ಬಂದು ಅಲ್ಲೇ ಎರಡು ದಿನ ವಿಶ್ರಾಂತಿ ತಗೊಂಡು ಕೊನೆಗೆ ನಮ್ಮ ಬಾಗಿಲಿಗೆ ಬಂದದ್ದು ಶುಕ್ರವಾರ, ಹನ್ನೊಂದು ಗಂಟೆಗೆ. ಪಂಚಾಂಗ ಬಲ್ಲವರಿಗೆ ಹೇಳಬೇಕಿಲ್ಲ, ಸರಿಯಾಗಿ ರಾಹುಕಾಲ.

"ಹನ್ನೆರಡರ ಮೇಲೆ ಬರ್ರಿ, ತಗಂತೀನಿ" ಅಂದೆ.

ಕೊರಿಯರಿನವನು ಬೈಕ್ ಆಫ್ ಕೂಡ ಮಾಡಲಿಲ್ಲ. "ರಾಹುಕಾಲ ನಿಮಗಷ್ಟೇ ಐತಾ ಸಾರ್? ನನ್ನ ಚೀಲದಾಗಿರೋ ಅಷ್ಟೂ ಪಾರ್ಸಲ್‌ಗೂ ಐತೆ. ನಾನು ರಾಮಗಿರಿಗೆ ಹೋಗ್ಬೇಕು. ಬೇಕಾದ್ರೆ ಅಲ್ಲಿಗೆ ಬರ್ರಿ" ಎಂದು ಹೊರಟೇಬಿಟ್ಟ.

ನಾನೂ ಊಟ ಮುಗಿಸಿ, ಅಂಗಡಿಗೆ ಹೆಂಡತಿಯನ್ನು ಕೂರಿಸಿ, ಬಸ್ ಹಿಡಿದು ರಾಮಗಿರಿಗೆ ಹೋದೆ. ಅವನು ಮನೆಮನೆ ಸುತ್ತಿ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಬುತ್ತಿ ಬಿಚ್ಚಿ ಕೂತಿದ್ದ. ಬೆವರು ಒರೆಸಿಕೊಂಡು ಕೈ ಚಾಚಿದೆ. ಅವನು ಮೊಬೈಲಿನಲ್ಲಿ ಗಂಟೆ ನೋಡಿದ. "ಮೂರಾತು ಸಾರ್. ಈಗ ಯಮಗಂಡ. ನಮ್ಮಜ್ಜಿನೂ ಇವೆಲ್ಲ ನೋಡ್ತಿತ್ತು, ಅದ್ಕೇ ಗೊತ್ತು. ಕುಂತ್ಕಳ್ರಿ, ಒಂದು ರೊಟ್ಟಿ ತಿನ್ರಿ. ನಾಲ್ಕೂವರೆಗೆ ಕೊಡ್ತೀನಿ."

ಅವತ್ತು ರಾಮಗಿರಿಯಲ್ಲಿ ನಾನು ತಿಂದಷ್ಟು ರುಚಿಯಾದ ರೊಟ್ಟಿಯನ್ನು ಯಾವ ಶುಭ ಗಳಿಗೆಯಲ್ಲೂ ತಿಂದಿಲ್ಲ.

ಕಣ್ಣು

ಅಂಟಿಸಿದ್ದಾಯಿತು. ಬಣ್ಣಕ್ಕೆ ಕೂತೆ. ಮೊದಲು ಕಪ್ಪು ಬಳಿದು ಅದರ ಮೇಲೆ ಬೇರೆ ಬಣ್ಣ ಹಚ್ಚಬೇಕು ಅಂತ ಮೇಷ್ಟ್ರ ಅಪ್ಪಣೆ. ಅಮ್ಮ ಬಿಡಲಿಲ್ಲ. "ಹಬ್ಬದ ತಿಂಗಳು, ಮನೇಲಿ ಕಪ್ಪು ಬಳಿತೀಯೇನೋ?" ಹೀಗಾಗಿ ಬೇರೆ ಗ್ರಹದ ಭಯಂಕರ ಹುಳುಗಳು ಅರಿಶಿನ ಮೆತ್ತಿದ ಮದುವಣಗಿತ್ತಿಯರ ಹಾಗೆ ಸಾಲಾಗಿ ಒಣಗಿದವು.

ಕಣ್ಣು ಬರೆಯಲು ಸಣ್ಣ ಕುಂಚ ಬೇಕಿತ್ತು. ಹೊಸದುರ್ಗದಲ್ಲಿ ಗಣಪತಿ ಮಾಡುವವರೊಬ್ಬರ ಹತ್ತಿರ ಹೋದೆ. ಅವರು ಕುಂಚ ಕೊಟ್ಟು, ಕಣ್ಣೆತ್ತದೆಯೇ ಹೇಳಿದರು: "ಕಣ್ಣು ಕೊನೇಲಿ ಬರೀರಿ. ಬರೆಯೋವಾಗ ಎದುರಿಗೆ ಕುಂತ್ಕಬೇಡ್ರಿ, ಮೊದಲ ದೃಷ್ಟಿ ತಡಕಳಕ್ಕಾಗಲ್ಲ. ಕನ್ನಡಿ ಇಡ್ರಿ. ಯಾವ ಮೂರ್ತಿ?"

"ಹುಳ" ಅಂದೆ.

ಅವರು ಆಗ ಕಣ್ಣೆತ್ತಿದರು.

ಒಂದೊಂದು ಹುಳಕ್ಕೆ ಎಂಟೆಂಟು ಕಣ್ಣು. ಎಲ್ಲವನ್ನೂ ಪಕ್ಕದಿಂದ, ಕನ್ನಡಿ ಇಟ್ಟು ಬರೆದೆ. ನನ್ನ ಕತ್ತು ಒಂದೇ ಕಡೆ ತಿರುಗಿ ನಿಂತುಬಿಟ್ಟಿತು. ನನ್ನ ಅಂಗಡಿಯ ಮುಲಾಮನ್ನು ನಾನೇ ಕೊಂಡುಕೊಂಡೆ. ಇಷ್ಟಾದ ಮೇಲೆ ಅಮ್ಮ ಬಂದು ನೋಡಿದಳು.

"ಕಣ್ಣು ಬಿಡಿಸಿದ್ಮೇಲೆ ಉಪವಾಸ ಕೆಡವಿದ್ದೀಯಲ್ಲೋ, ಪಾಪ. ಎಂಟು ಕಣ್ಣಲ್ಲಿ ನನ್ನೇ ನೋಡ್ತಾ ಅವೆ."

ಸಾಲಿನ ಮುಂದೆ ಚೂರು ಬೆಲ್ಲ ಇಟ್ಟಳು. ಮಧ್ಯಾಹ್ನ ಮೇಷ್ಟ್ರು ಸೈನ್ಯ ಹೇಗಿದೆ ತೋರಿಸು ಅಂತ ವಿಡಿಯೋ ಕರೆ ಮಾಡಿದರು. ಮೊಬೈಲ್ ತಿರುಗಿಸಿದೆ. ನನ್ನ ಇಡೀ ಸೈನ್ಯದ ಮೇಲೆ ನಿಜವಾದ ಕೆಂಪಿರುವೆಗಳು ಹತ್ತಿ ಕೂತಿದ್ದವು.

"ಏನಪ್ಪ ಭಕ್ತ," ಅಂದರು ಮೇಷ್ಟ್ರು, "ನಾನು ಯುದ್ಧಕ್ಕೆ ಇಳಿಯೋಕೆ ಮುಂಚೆನೇ ಯಾರೋ ಗೆದ್ದುಬಿಟ್ಟವ್ರಲ್ಲ!"

ಯುದ್ಧ

ಭಾನುವಾರ ಸೈನ್ಯವನ್ನು ಮೊಟ್ಟೆ ಟ್ರೇಯಲ್ಲಿ ಜೋಡಿಸಿಕೊಂಡು ದುರ್ಗಕ್ಕೆ ಹೊರಟೆ. ಅಮ್ಮನೂ ಹೊರಟಳು. ನಮ್ಮ ಮನೆಯ ಬೆಲ್ಲ ತಿಂದ ಹುಳುಗಳನ್ನು ಹಾಗೆ ಮನೆಯವರಿಲ್ಲದೆ ಯುದ್ಧಕ್ಕೆ ಕಳಿಸಬಾರದಂತೆ.

ಮೇಷ್ಟ್ರ ಮನೆಯಲ್ಲಿ ದೀಪ ಹಚ್ಚುವುದು ಕರೆಂಟು ಹೋದಾಗ ಮಾತ್ರ. ಹಾಲಿನ ಮೇಜಿನ ಮೇಲೆ ಥರ್ಮಾಕೋಲಿನಲ್ಲಿ ಕೋಟೆಯ ಬಂಡೆಗಳನ್ನೇ ಕಡೆದು ಇಟ್ಟಿದ್ದರು, ಚೆಂದವಾಗಿತ್ತು. ಆಟ ಶುರುವಾಯಿತು. ನಾನು ದಾಳ ಹಾಕುವ ಮೊದಲು ಕಣ್ಣು ಮುಚ್ಚಿದರೆ ಮೇಷ್ಟ್ರು, "ಹೊರಗಿನವರ ಸಹಾಯ ತಗಳಂಗಿಲ್ಲ" ಎನ್ನುತ್ತಿದ್ದರು.

ನನ್ನ ಮೊದಲ ಹುಳ ಸತ್ತಿತು. ಮೇಷ್ಟ್ರು ಅದನ್ನು ಎತ್ತಿ ಪಕ್ಕಕ್ಕೆ ಎಸೆಯಲು ಹೋದರು.

"ಅಯ್ಯೋ, ಹಂಗೆ ಎಸೀತಾರೇನಪ್ಪ ಕಣ್ಣಿರೋದನ್ನ!" ಅಮ್ಮ ಎದ್ದು ಬಂದಳು. ಹುಳವನ್ನು ತಟ್ಟೆಯಲ್ಲಿ ಮಲಗಿಸಿ, ಚೀಲದಿಂದ ಎರಡು ಹೂವು ತೆಗೆದಿಟ್ಟಳು. ಮೇಷ್ಟ್ರ ಹೆಂಡತಿ ಅಡಿಗೆಮನೆಯಿಂದ ಅಕ್ಕಿ ತಂದರು. ಎರಡನೆಯದಕ್ಕೆ ಊದುಬತ್ತಿ ಬಂತು. ಹೊಗೆ ಕಂಡು ಪಕ್ಕದ ಮನೆಯವರು, ಮೇಷ್ಟ್ರ ಮನೆಯಲ್ಲಿ ಕಡೆಗೂ ಪೂಜೆ ಆಗ್ತಿದೆ ಅಂತ ಬಾಳೆಹಣ್ಣು ಹಿಡಿದು ಬಂದರು. ಬಂದವರು ಚಪ್ಪಲಿ ಹೊರಗೆ ಬಿಟ್ಟು, ಮೇಜಿಗೆ ಕೈಮುಗಿದು, ಗೋಡೆಗೊರಗಿ ಕೂತರು.

ಮೇಷ್ಟ್ರು ಆ ಹೊಗೆಯಲ್ಲಿ ಕೆಮ್ಮುತ್ತಲೇ ನನ್ನ ತಾಯಿಹುಳವನ್ನು ಹೊಡೆದರು. ಆಟ ಮುಗಿಯಿತು. ನಾನು ಸೋತೆ.

"ಗೆದ್ದೆ!" ಎಂದು ಕೈ ಎತ್ತಿದರು.

ಗೋಡೆಗೊರಗಿದ್ದ ಅಜ್ಜಿಯೊಬ್ಬರು, "ಒಳ್ಳೇದಾತು ಬಿಡಪ್ಪ, ಇನ್ನು ಪ್ರಸಾದ ಹಂಚು" ಅಂದರು.

ಶನಿವಾರ

ಆ ವಾರ ನನಗೆ ಅನ್ನ ಸೇರಲಿಲ್ಲ. ಮಾತು ಕೊಟ್ಟಾಗಿದೆ, ತಪ್ಪುವಂತಿಲ್ಲ. ಹನುಮಪ್ಪನಿಗೆ ಮೊದಲೇ ಹೇಳಿಕೊಂಡೆ: ಅಪ್ಪಾ, ಬರದೇ ಇದ್ದರೆ ಮರೆತೆ ಅಂದುಕೊಳ್ಳಬೇಡ.

ಶನಿವಾರ ಬೆಳಿಗ್ಗೆ ಕಾಫಿ ಕುಡಿಯುವಾಗಲೇ ಬೈಕಿನ ಸದ್ದು. ಮೇಷ್ಟ್ರು! ನಾನು ಕದ್ದು ಹೋಗದಂತೆ ಕಾಯಲು ದುರ್ಗದಿಂದ ಬಂದಿದ್ದರು. ಖುರ್ಚಿ ಎಳೆದುಕೊಂಡು ಬಾಗಿಲಿಗೆ ಅಡ್ಡ ಕೂತರು. "ಇವತ್ತು ನಿನ್ನ ಹನುಮಪ್ಪ ನೀನಿಲ್ಲದೆ ಹೆಂಗಿರ್ತಾನೆ ನೋಡಾಣ."

ಒಳಗಿಂದ ಅಮ್ಮ ಹಣ್ಣುಕಾಯಿ ಬುಟ್ಟಿ ಹಿಡಿದು ಬಂದಳು. ಅವಳಿಗೆ ಮಂಡಿನೋವು, ವಾರವಾರವೂ ನನ್ನ ಬೈಕಿನಲ್ಲೇ ಹೋಗುವುದು.

"ನಡೀಯಪ್ಪ" ಅಂದಳು, ಮೇಷ್ಟ್ರಿಗೆ.

"ಎಲ್ಲಿಗಮ್ಮ?"

"ಗುಡಿಗೆ. ಇವನ್ನ ನೀನು ಕೂಡಿ ಹಾಕಿದ್ಮೇಲೆ ನನ್ನ ಯಾರು ಕರ್ಕಂಡೋಗ್ತಾರೆ? ಪಂಥ ಕಟ್ಟಿದ್ದು ಇವನ ಮೇಲೆ ತಾನೇ, ಮಂಡಿನೋವಿನ ಮುದುಕಿ ಮೇಲಲ್ಲವಲ್ಲ?"

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಕಾಫಿ ಲೋಟ ನೋಡಿದೆ. ಸೋತವನಿಗೆ ಮಾತಾಡುವ ಹಕ್ಕಿರುವುದಿಲ್ಲ.

ಹೋದವರು ಬಹಳ ಹೊತ್ತು ಬರಲಿಲ್ಲ. ನನಗೆ ಗಾಬರಿಯಾಯಿತು, ಆದರೆ ಹೊಸ್ತಿಲು ದಾಟುವಂತಿಲ್ಲ. ಕೊನೆಗೆ ಬೈಕ್ ಬಂತು. ಮೇಷ್ಟ್ರ ಹಣೆ ತುಂಬ ಕುಂಕುಮ, ಕೊರಳಲ್ಲಿ ಚೆಂಡುಹೂವಿನ ಹಾರ, ಹೆಗಲ ಮೇಲೆ ಶಾಲು.

"ಏನಿದು?" ಅಂದೆ.

"ನಿಮ್ಮಮ್ಮನ್ನ ಕೇಳು."

ಅಮ್ಮ ನಿಧಾನಕ್ಕೆ ಇಳಿದಳು. "ಪೂಜಾರಪ್ಪ, ಇವರು ಯಾರು, ಏನು ಹರಕೆ ಅಂದ. ಯುದ್ಧ ಗೆದ್ದು ಬಂದವ್ರೆ ಅಂದೆ. ನಾನೇನು ಸುಳ್ಳು ಹೇಳಿದ್ನೇನಪ್ಪ? ಸಾಲಿನಾಗಿದ್ದೋರೆಲ್ಲ ಜಾಗ ಬಿಟ್ಟು ಮುಂದಕ್ಕೆ ಕಳಿಸಿದ್ರು. ಕಮಿಟಿಯೋರು ಓಡಿ ಬಂದು ಹಾರ ಹಾಕಿದ್ರು. ಜನ ಜೈ ಅಂದ್ರು. ಇವರಿಗೆ ಕಣ್ಣಲ್ಲಿ ನೀರು ಬಂದು ಅಡ್ಡಬಿದ್ರು."

"ಕರ್ಪೂರದ ಹೊಗೆಗೆ ಬಂದ ನೀರಮ್ಮ ಅದು! ಹಿಂದಿನೋರು ತಳ್ಳಿದ್ದಕ್ಕೆ ಬಿದ್ದೆ" ಅಂದರು ಮೇಷ್ಟ್ರು.

"ಮೇಷ್ಟ್ರೇ, ಯಾವ ಯುದ್ಧ ಅಂತ ಯಾರೂ ಕೇಳಲಿಲ್ವೇ?"

"ಕೇಳಿದ್ರು. ಹುಳುಗಳ ಜೊತೆ ಅಂತ ಹೆಂಗೆ ಹೇಳ್ಲಯ್ಯ? ಹೇಳಂಗಿಲ್ಲ, ಗುಟ್ಟು ಅಂದೆ. ಅದಕ್ಕೆ ಇನ್ನೊಂದು ಹಾರ ಹಾಕಿದ್ರು. ಸ್ವಾತಂತ್ರ್ಯ ದಿನಕ್ಕೆ ಗುಡಿ ಮುಂದೆ ನಾನೇ ಬಾವುಟ ಹಾರಿಸಿ ಭಾಷಣ ಮಾಡಬೇಕಂತೆ."

"ಬರಲ್ಲ ಅಂದಿರಿ ತಾನೇ?"

ಮೇಷ್ಟ್ರು ಶಾಲನ್ನು ಹೆಗಲ ಮೇಲೆ ಸರಿಮಾಡಿಕೊಂಡರು.

"ನೋಡಾಣ ಅಂದೆ" ಎಂದರು. "ಭಾಷಣಕ್ಕೆ ಬಂದೋರಿಗೆ ಅಲ್ಲಿ ವಡೆ ಮಾಡಿಸ್ತಾರಂತೆ ಕಣೋ."