ಅತ್ತೆಯ ಚೆಸ್ಸಿಗೆ ತಂತಿ ಎಳೆದದ್ದು

ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ವಿದ್ಯುತ್ತಿನ ಪಾಠ ಮಾಡುತ್ತಿರುವವಳು ನಾನು. ಇಂಥವಳಿಗೆ ಒಂದು ಹಳೆಯ ಕಂಪ್ಯೂಟರಿಗೆ ನೆಟ್ಟಿನ ತಂತಿ ಎಳೆಯುವುದು ಎಡಗೈ ಕೆಲಸ ಎಂದು ಶನಿವಾರ ಬೆಳಗ್ಗೆ ತಿಂಡಿಯ ತಟ್ಟೆಗಳ ಸಾಕ್ಷಿಯಾಗಿ ಘೋಷಿಸಿಬಿಟ್ಟೆ.

ಇದಕ್ಕೆಲ್ಲ ಕಾರಣ ನಮ್ಮ ಅತ್ತೆ. ಪ್ರತಿ ಭಾನುವಾರ ನಾಲ್ಕು ಗಂಟೆಗೆ ಅವರು ಹಿಂದಿನ ಕೋಣೆಯ ಕಂಪ್ಯೂಟರಿನ ಮುಂದೆ ಕೂತು, ದೂರದೂರಿನಲ್ಲಿರುವ ತಮ್ಮನ ಜೊತೆ ಚೆಸ್ ಆಡುತ್ತಾರೆ. ರೂಟರ್ ಇರುವುದು ಮುಂದಿನ ಹಾಲಿನಲ್ಲಿ. ನಡುವೆ ಎರಡು ಗೋಡೆ, ಒಂದು ಮಲಗುವ ಕೋಣೆ. ಇಷ್ಟೆಲ್ಲ ದಾಟಿ ಬರುವ ವೈಫೈ, ಮಹಡಿ ಹತ್ತಿದ ಮುದುಕನಂತೆ ಏದುಸಿರು ಬಿಟ್ಟು ಕೂತುಬಿಡುತ್ತಿತ್ತು. ಐದು ಭಾನುವಾರ ಆಟದ ನಡುವೆಯೇ ನೆಟ್ ಹೋಗಿ, ಅವರ ಪಾಲಿನ ಸಮಯ ಮುಗಿದು, ಅತ್ತೆ ಸೋತಿದ್ದರು. ಪ್ರತಿ ಸಲವೂ ಅವರ ಸಪ್ಪೆ ಮುಖ ನೋಡಲು ನನ್ನಿಂದ ಆಗುತ್ತಿರಲಿಲ್ಲ.

"ಗೊತ್ತಿರೋರನ್ನ ಕರೆಸೋಣ ಕಣೇ," ಎಂದರು ನನ್ನ ಗಂಡ. ಅವರದು ಔಷಧದ ಅಂಗಡಿ. ಚೀಟಿ ಓದದೆ ಏನನ್ನೂ ಮುಟ್ಟುವವರಲ್ಲ.

"ಬಲ್ಬು ಹೇಗೆ ಉರಿಯುತ್ತೆ ಅಂತ ಸಾವಿರಾರು ಮಕ್ಕಳಿಗೆ ಹೇಳಿಕೊಟ್ಟಿದ್ದೀನಿ ರೀ. ಈ ಡಬ್ಬಕ್ಕೆ ಹೆದರ್ತೀನಾ?"

"ಹೇಳಿಕೊಟ್ಟಿದ್ದೀಯ, ಇಲ್ಲ ಅನ್ನಲ್ಲ. ಮನೇಲಿ ಬಲ್ಬು ಬದಲಾಯಿಸೋದು ನಾನು ತಾನೇ?"

ಈ ಮಾತನ್ನು ನಾನು ಕೇಳಿಸಿಕೊಳ್ಳಲಿಲ್ಲ.

ಕಂಪ್ಯೂಟರಿನ ಬೆನ್ನಲ್ಲಿದ್ದ ಕೇಬಲಿನ ಕಿಂಡಿ ಎಂದೋ ಕೆಟ್ಟಿತ್ತು. ಹೊಸ ಕಿಂಡಿ ಬೇಕೆಂದರೆ ಒಳಗೊಂದು ನೆಟ್‌ವರ್ಕ್ ಕಾರ್ಡ್ ಕೂರಿಸಬೇಕು. ಅಂಗಡಿಗೆ ಹೋದೆ.

"ಯಾವ ಸ್ಲಾಟಿಗೆ ಮೇಡಂ? ಉದ್ದದ್ದೋ, ಗಿಡ್ಡದ್ದೋ?" ಎಂದ ಅಂಗಡಿಯವನು.

ಗೊತ್ತಿಲ್ಲ ಎನ್ನುವುದು ಮೇಷ್ಟರ ಬಾಯಲ್ಲಿ ಬರುವ ಮಾತೇ? "ಗಿಡ್ಡದ್ದು," ಎಂದೆ ಗತ್ತಿನಿಂದ.

ಮನೆಗೆ ಬಂದು ಕಂಪ್ಯೂಟರಿನ ಪಕ್ಕದ ಬಾಗಿಲು ತೆಗೆದರೆ, ಒಂದು ದಿಂಬು ತುಂಬಿಸುವಷ್ಟು ಧೂಳು. ಅದನ್ನೆಲ್ಲ ಒರೆಸಿ ನೋಡಿದರೆ, ಕಾರ್ಡ್ ಕೂರಿಸುವ ಸ್ಲಾಟುಗಳೆಲ್ಲ ಉದ್ದದವೇ. ಮರಳಿ ಅಂಗಡಿಗೆ ಹೋದೆ. ಅಂಗಡಿಯವನು ಕಾರ್ಡ್ ಬದಲಾಯಿಸಿಕೊಟ್ಟ. ಉತ್ತರ ಗೊತ್ತಿಲ್ಲದ ಹುಡುಗರನ್ನು ನಾನು ನೋಡುವಂತೆಯೇ ನನ್ನನ್ನು ನೋಡಿದ, ಅಷ್ಟೇ.

ಕಾರ್ಡ್ ಕೂತಿತು. ಅದನ್ನು ಬಿಗಿಯುವ ಸ್ಕ್ರೂ ಮಾತ್ರ ಕೈಜಾರಿತು. ನಾವಿಬ್ಬರೂ ಕಂಪ್ಯೂಟರನ್ನು ಎತ್ತಿ, ತಲೆಕೆಳಗು ಮಾಡಿ, ಅಲುಗಾಡಿಸಿ, ಟಾರ್ಚು ಬಿಟ್ಟು ಹುಡುಕಿದೆವು. ಒಂದು ಗಂಟೆಯ ನಂತರ ಅದು ನನ್ನ ಕುಪ್ಪಸದ ತೋಳಿನ ಮಡಿಕೆಯಲ್ಲಿ ಸಿಕ್ಕಿತು.

ಇನ್ನು ಗೋಡೆ. ಎರಡೂ ಕಡೆ ಅಳತೆ ಹಿಡಿದು, ಕಾಗದದ ಮೇಲೆ ಲೆಕ್ಕ ಹಾಕಿ, ಪೆನ್ಸಿಲಿನಲ್ಲಿ ಗುರುತು ಮಾಡಿದೆ. ಡ್ರಿಲ್ಲಿಂಗ್ ಮಷೀನಿಗೆ ಹಾಲಿನ ಗೋಡೆ ಒಂದೇ ಏಟಿಗೆ ಬಗ್ಗಿತು. ಆ ಹುಮ್ಮಸ್ಸಿನಲ್ಲಿ ಹಿಂದಿನ ಕೋಣೆಗೆ ಹೋಗಿ, ಅಲ್ಲಿಂದ ಮಲಗುವ ಕೋಣೆಯತ್ತ ಎರಡನೆಯ ಗೋಡೆ ಕೊರೆಯತೊಡಗಿದೆ. ತುದಿ ಕಂಡರೆ ಹೇಳಲೆಂದು ಗಂಡ ಆ ಕಡೆ ನಿಂತಿದ್ದರು.

"ಬಂತೇನ್ರೀ?"

"ಕಾಣ್ತಿಲ್ಲ."

"ಈಗ?"

"ಇಲ್ಲ. ಆದ್ರೆ ಬಟ್ಟೆ ಬೀರು ಒಳಗೆ ಏನೋ ಗುರ್ ಅಂತಿದೆ." ಬೀರಿನ ಬಾಗಿಲು ತೆಗೆದ ಸದ್ದಾಯಿತು. "ನಿಲ್ಸೇ, ನಿಲ್ಸು. ನನ್ನ ಹೊಸ ಅಂಗಿ ತಿರುಗ್ತಾ ಇದೆ."

ಗೋಡೆಯೊಳಗೇ ಕಟ್ಟಿಸಿದ ಬೀರು ಅದು. ನನ್ನ ಲೆಕ್ಕದಲ್ಲಿ ಅದು ಬಂದಿರಲಿಲ್ಲ. ಡ್ರಿಲ್ಲಿಂಗ್ ಮಷೀನಿನ ತುದಿ ಬೀರಿನ ಹಲಗೆ ತೂರಿ, ಅಂಗಿಯ ಜೇಬು ತೂರಿ, ಅದನ್ನು ಹಗ್ಗದಂತೆ ಸುತ್ತಿಕೊಂಡಿತ್ತು.

"ಹೋಗಲಿ ಬಿಡಿ, ತೂತಾದ ಜೇಬಿದ್ದರೆ ಖರ್ಚು ಕಮ್ಮಿ," ಎಂದೆ. ಅವರು ನಗಲಿಲ್ಲ.

ಕೇಬಲ್ ತೂರಿಸಲು ಹೋದರೆ, ಅದರ ತುದಿಯ ಪ್ಲಾಸ್ಟಿಕ್ ತಲೆ ತೂತಿಗಿಂತ ದಪ್ಪ. ಒಂದು ಕ್ಷಣವೂ ಯೋಚಿಸದೆ ಕತ್ತರಿಯಿಂದ ಆ ತಲೆಯನ್ನು ಹಾರಿಸಿಬಿಟ್ಟೆ. ಕೇಬಲ್ ಸಲೀಸಾಗಿ ಈಚೆ ಬಂತು. ತುದಿಯಲ್ಲಿ ಬಣ್ಣಬಣ್ಣದ ಎಂಟು ಎಳೆಗಳು ಕೆದರಿಕೊಂಡು ನಿಂತಿದ್ದವು. ಯಾವುದರ ಪಕ್ಕ ಯಾವುದು? ವಿದ್ಯುತ್ತಿನ ಪಾಠದಲ್ಲಿ ನಮಗೆ ಎರಡೇ ತಂತಿ.

ಭಾನುವಾರ ಮಧ್ಯಾಹ್ನ ಅಂಗಡಿಯವನೇ ಮನೆಗೆ ಬರಬೇಕಾಯಿತು. ಎರಡು ನಿಮಿಷದಲ್ಲಿ ಹೊಸ ತಲೆ ಕೂರಿಸಿದ. ಇನ್ನೈದು ನಿಮಿಷದಲ್ಲಿ ಕಂಪ್ಯೂಟರಿಗೂ ಕಾರ್ಡಿಗೂ ಪರಿಚಯ ಮಾಡಿಸಿದ. ಹಸಿರು ದೀಪ ಮಿನುಗಿತು.

"ತೂತು ಸ್ವಲ್ಪ ದೊಡ್ಡದು ಮಾಡಿದ್ರೆ ಸಾಕಿತ್ತು ಮೇಡಂ," ಎಂದು ಎದ್ದವನು, ಹೊಸ್ತಿಲಲ್ಲಿ ನಿಂತು ಕೇಳಿದ, "ಸ್ಕೂಲಲ್ಲಿ ಯಾವ ಪಾಠ ಮಾಡ್ತೀರಿ?"

"ಚರಿತ್ರೆ," ಎಂದೆ.

ಗಂಡ ಕೆಮ್ಮುತ್ತಾ ಒಳಗೆ ಹೋದರು.

ನಾಲ್ಕು ಗಂಟೆಗೆ ಅತ್ತೆ ಕನ್ನಡಕ ಒರೆಸಿಕೊಂಡು ಕೂತರು. ನಾವಿಬ್ಬರೂ ಹಿಂದೆ ನಿಂತೆವು. ಕಾಯಿಗಳು ಚಕಚಕನೆ ನಡೆದವು. ಎಲ್ಲೂ ತಡೆಯಿಲ್ಲ, ತೊಡಕಿಲ್ಲ. ನಾನು ಪರದೆಗಿಂತ ಹೆಚ್ಚಾಗಿ ಆ ಹಸಿರು ದೀಪವನ್ನೇ ನೋಡುತ್ತಾ, ಮೊಮ್ಮಗುವನ್ನು ಕಂಡ ಅಜ್ಜಿಯಂತೆ ಹಿಗ್ಗುತ್ತಿದ್ದೆ. ಅತ್ತೆಯ ಕುದುರೆ ಹೋಯಿತು. ಆನೆ ಹೋಯಿತು. ಅತ್ತೆ ಆಗಾಗ ತಿರುಗಿ ರೂಟರಿನ ದಿಕ್ಕಿಗೆ ನೋಡುತ್ತಿದ್ದರು. ಹನ್ನೊಂದನೆಯ ನಡೆಗೆ ರಾಜನೂ ಸಿಕ್ಕಿಬಿದ್ದ.

ಮರುಕ್ಷಣವೇ ತಮ್ಮನ ಫೋನು. ಅತ್ತೆ ಸ್ಪೀಕರ್ ಹಾಕಿ, ಗಂಟಲು ಸರಿಮಾಡಿಕೊಂಡು, "ಏನು ಮಾಡ್ಲಪ್ಪ, ಈ ಹಾಳು ನೆಟ್ಟು ನೋಡು," ಎಂದು ಶುರುಮಾಡಿದರು.

ನನಗೆ ತಡೆಯಲಾಗಲಿಲ್ಲ. "ನೆಟ್ಟು ಬಹಳ ಚೆನ್ನಾಗಿದೆ ಮಾವ, ಒಂದು ಸಲಾನೂ ಹೋಗಿಲ್ಲ. ನಾನೇ ತಂತಿ ಎಳೆದಿದ್ದೀನಿ," ಎಂದು ಹಿಂದಿನಿಂದ ಕೂಗಿದೆ.

ಆ ಕಡೆ ಶುರುವಾದ ನಗು ಫೋನು ಇಟ್ಟರೂ ಕೋಣೆಯಲ್ಲೇ ಉಳಿದಂತಿತ್ತು.

ಅತ್ತೆ ಕನ್ನಡಕ ತೆಗೆದು ಮಡಚಿ, ನಿಧಾನವಾಗಿ ನನ್ನತ್ತ ತಿರುಗಿದರು.

"ಇಷ್ಟು ದಿನ ನೆಟ್ಟು ಹೋಗ್ತಿತ್ತು, ನನ್ನ ಮಾನ ಉಳೀತಿತ್ತು. ಈಗ ನೆಟ್ಟು ಉಳಿಸಿಕೊಟ್ಟೆಯಲ್ಲಮ್ಮ."