ಒಕ್‌ಹೀ ನೋಡಬಾರದ ಆಟ

ಮೇ ತಿಂಗಳ ಒಂದು ಸಂಜೆ ಒಕ್‌ಹೀ ಬಾರ್ಲಿ ನೀರಿನ ಲೋಟ ಹಿಡಿದು ಟಿವಿಯ ಎದುರು ಬಂದು ನಿಂತಳು. ಅದೇ ಗಳಿಗೆಗೆ ಸರಿಯಾಗಿ ಕೊಕ್ಕರೆ ಎಂಬ ಬೇಸ್‌ಬಾಲ್ ತಂಡದ ಆಟಗಾರನೊಬ್ಬ, ಬೊಗಸೆಯೊಳಗೆ ಬಂದು ಕೂತಿದ್ದ ಚೆಂಡನ್ನು ಕೈ ಸುಟ್ಟವನಂತೆ ಕೆಳಗೆ ಬಿಟ್ಟ. ತಂಡ ಸೋತಿತು. ಗಂಡ ತಕ್ ಸಂಗ್‌ಗು ಟಿವಿಯ ಮೇಲಿದ್ದ ಕಣ್ಣನ್ನು ನಿಧಾನವಾಗಿ ಹೆಂಡತಿಯ ಕಡೆ ತಿರುಗಿಸಿದ.

"ನೀನು ಯಾವಾಗ ಬಂದೆ?"

"ಈಗ. ನೀರು ತಂದೆ."

"ನೀರು ತಂದ್ಯೋ, ಸೋಲು ತಂದ್ಯೋ!"

ಜೂನ್‌ನಲ್ಲಿ ಎರಡು ಸಲ, ಆಗಸ್ಟ್‌ನಲ್ಲಿ ಮೂರು ಸಲ ಹೀಗೇ ಆಯಿತು. ಸೆಪ್ಟೆಂಬರ್ ಹೊತ್ತಿಗೆ ಅವರಿದ್ದ ಕಟ್ಟಡಕ್ಕೆ ಕಟ್ಟಡವೇ ತೀರ್ಮಾನಕ್ಕೆ ಬಂದಿತ್ತು: ಒಕ್‌ಹೀ ನೋಡಿದರೆ ಕೊಕ್ಕರೆ ತಂಡ ಸೋಲುತ್ತದೆ. ಮಹಿಳಾ ಸಂಘದ ಅಧ್ಯಕ್ಷೆ ಮ್ಯೊಂಗ್ಜಾ ಲಿಫ್ಟಿನಲ್ಲಿ ಅವಳ ಕೈ ಹಿಡಿದು ಹೇಳಿದ್ದಳು: "ಅಕ್ಕಾ, ನಿಮ್ಮ ಮೇಲೆ ನಮಗೆ ಕೋಪ ಇಲ್ಲ. ನಿಮ್ಮ ಕಣ್ಣಿನ ಮೇಲೆ ಅಷ್ಟೆ."

ವಿಚಿತ್ರವೆಂದರೆ, ಆ ಟಿವಿಗೆ ಆಟ ಬರುತ್ತಿದ್ದುದೇ ಒಕ್‌ಹೀಯಿಂದ. ಇಷ್ಟು ವರ್ಷ ಪುಕ್ಕಟೆ ಬರುತ್ತಿದ್ದ ಬೇಸ್‌ಬಾಲ್ ಈ ವರ್ಷ ದುಡ್ಡು ಕಟ್ಟಿದವರಿಗೆ ಮಾತ್ರ ಎಂದಾಗ, "ಕಣ್ಣು ಬಿಡೋದಕ್ಕೂ ಕಾಸಾ?" ಎಂದು ಸಂಗ್‌ಗು ಕೈಕಟ್ಟಿ ಕೂತಿದ್ದ. ಶಾಲೆಯ ಅಡುಗೆಮನೆಯ ಸಂಬಳದಲ್ಲಿ ಒಕ್‌ಹೀ ತಾನೇ ಕಟ್ಟಿದಳು. ಮನೆ, ಕರೆಂಟು, ನೀರು, ಕಾರು ಎಲ್ಲವೂ ಗಂಡನ ಹೆಸರಿನಲ್ಲಿದ್ದವು. ಅವತ್ತು ಪರದೆಯ ಮೇಲೆ 'ಮೆಂಗ್ ಒಕ್‌ಹೀ ಅವರಿಗೆ ಸ್ವಾಗತ' ಎಂದು ಮೂಡಿದಾಗ ಅವಳು ಅದನ್ನು ಎರಡು ಸಲ ಓದಿಕೊಂಡಿದ್ದಳು. ಆ ಹಜಾರದಲ್ಲಿ ಅವಳನ್ನು ಹೆಸರು ಹಿಡಿದು ಯಾರಾದರೂ ಕರೆದು ಎಷ್ಟು ಕಾಲವಾಗಿತ್ತೋ.

ಅವಳು ದುಡ್ಡು ಕಟ್ಟಿದ್ದು ಬೊಂಗ್ ತೇಗ್ಯುವಿಗಾಗಿ. ಕೊಕ್ಕರೆ ತಂಡದ ಹಿರಿಯ ಎಸೆತಗಾರ. ಇಪ್ಪತ್ತೆರಡು ವರ್ಷದ ಹಿಂದೆ ಅವಳ ಶಾಲೆಯಲ್ಲೇ ಓದಿದವನು. ಅವನ ತಟ್ಟೆಗೆ ಅವಳು ಯಾವಾಗಲೂ ಒಂದು ತುಂಡು ಮೀನು ಜಾಸ್ತಿ ಹಾಕುತ್ತಿದ್ದಳು. ಅವನು ಈ ವರ್ಷ ನಿವೃತ್ತನಾಗುವವನಿದ್ದ. ನವೆಂಬರಿನ ಆ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಅಂತಿಮ ಸರಣಿಯ ಏಳನೆಯ, ನಿರ್ಣಾಯಕ ಆಟ, ಅವನ ಕೊನೆಯ ಆಟ. ಅದೊಂದನ್ನು ನೋಡಬೇಕೆಂಬುದು ಅವಳ ಆಸೆ.

ಒಂದೂವರೆಗೆಲ್ಲ ಬಾಗಿಲಲ್ಲಿ ನೆರೆಯವರ ಹನ್ನೊಂದು ಜೊತೆ ಚಪ್ಪಲಿ ಬಿದ್ದಿದ್ದವು. ಕರಿದ ಕೋಳಿ, ಒಣ ಮೀನು, ಬಿಯರು ಬಂದವು. ಮ್ಯೊಂಗ್ಜಾ ಒಳಗೆ ಬಂದವಳೇ ಗಾಬರಿಯಾದಳು.

"ಅಯ್ಯೋ ಅಕ್ಕಾ, ನೀವಿನ್ನೂ ಹೊರಟಿಲ್ವಾ? ತಗೊಳ್ಳಿ, ಸ್ನಾನದ ಮನೆ ಟಿಕೆಟ್ಟು. ನಾವೆಲ್ಲ ಸೇರಿ ತಂದಿದ್ದು."

"ದುಡ್ಡು ಕಟ್ಟಿದವಳು ನಾನು ಕಣೇ," ಎಂದಳು ಒಕ್‌ಹೀ.

ಸಂಗ್‌ಗು ಅವಳ ಹೆಗಲಿಗೆ ಟವೆಲು ಹೊದಿಸಿದ. "ಯಾರು ಇಲ್ಲ ಅಂದ್ರು? ನೀನು ಕಟ್ಟಿದೆ, ನಾವು ನೋಡ್ತೀವಿ. ಸಂಸಾರ ಅಂದ್ರೆ ಹಂಚಿಕೊಂಡು ಮಾಡೋದು."

ಬೀದಿಯ ಕೊನೆಯಲ್ಲಿ, ದುಡ್ಡು ಕೊಟ್ಟು ಮೀಯುವ ಸಾರ್ವಜನಿಕ ಸ್ನಾನದ ಮನೆಯ ಬಟ್ಟೆ ಬದಲಿಸುವ ಕೋಣೆಯಲ್ಲೊಂದು ಟಿವಿ ಇದ್ದದ್ದು ಮ್ಯೊಂಗ್ಜಾಗೆ ಮರೆತಿತ್ತು. ಒಕ್‌ಹೀಗೆ ಮರೆತಿರಲಿಲ್ಲ. ತಲೆಗೆ ಟವೆಲು ಸುತ್ತಿ ಬೆಂಚಿನ ತುದಿಯಲ್ಲಿ ಕೂತು ಕತ್ತೆತ್ತಿದಳು. ಟಪ್ ಎಂದು ಸದ್ದಾಯಿತು. ಎದುರಾಳಿ ಕಾಡುಹಂದಿ ತಂಡದವನು ಹೊಡೆದ ಚೆಂಡು ಮೈದಾನದಾಚೆ ಹಾರಿ ಹೋಯಿತು. ಕಾಡುಹಂದಿಗೆ ಮೂರು ಅಂಕ, ಕೊಕ್ಕರೆಗೆ ಎರಡು.

ಅಲ್ಲಿ ಬಂದವರ ಮೈ ಉಜ್ಜುವ ಕೆಲಸದ ಹೆಂಗಸಿನ ಫೋನು ಆಗಲೇ ಬಡಿದುಕೊಂಡಿತು; ಆ ಕಡೆ ಮ್ಯೊಂಗ್ಜಾ. ಉಜ್ಜುವವಳು ಕೇಳಿಸಿಕೊಂಡಳು, ಒಕ್‌ಹೀಯನ್ನು ನೋಡಿದಳು, ತಲೆಯಾಡಿಸಿದಳು.

"ಹೂಂ, ಇಲ್ಲೇ ಇದ್ದಾರೆ... ಹೂಂ, ಕಣ್ಣು ಬಿಟ್ಕೊಂಡೇ ಇದ್ದಾರೆ." ಫೋನಿಟ್ಟು ಹತ್ತಿರ ಬಂದಳು. "ಅಕ್ಕಾ, ಬೋರಲು ಮಲಗಿ. ಬೆನ್ನು ಉಜ್ಜಿಕೊಡ್ತೀನಿ, ಕಾಸು ಬೇಡ. ಮುಖ ಗೋಡೆ ಕಡೆ ಇರಲಿ."

ಬೆನ್ನಿನ ಮೇಲೆ ಒರಟು ಬಟ್ಟೆ ಆಡುತ್ತಿರುವಾಗ ಒಕ್‌ಹೀಗೆ ನಿಜಕ್ಕೂ ಗೊಂದಲವಾಯಿತು. ತನ್ನ ಕಣ್ಣಿಗೆ ಅಂಥ ಶಕ್ತಿ ಇದ್ದರೂ ಇರಬಹುದೆ? ಮೂವತ್ತು ವರ್ಷ ದಿಟ್ಟಿಸಿ ನೋಡಿದರೂ ಗಂಡನ ಒಂದು ಕಾಲುಚೀಲ ನೆಲದಿಂದೆದ್ದು ಬುಟ್ಟಿಗೆ ಹೋಗಿರಲಿಲ್ಲ. ಈಗ ಮುನ್ನೂರು ಮೈಲಿ ದೂರದಲ್ಲಿ ಒಂಬತ್ತು ಜನ ಗಟ್ಟಿ ಗಂಡಸರು ಅವಳು ನೋಡಿದಳೆಂದು ಚೆಂಡು ಕೈಬಿಡುತ್ತಾರೆ! ಹಾಗಿದ್ದರೆ ತೇಗ್ಯುವಿಗೆ ತಾನು ಮಾಡಬಹುದಾದ ಉಪಕಾರ ನೋಡದಿರುವುದೇ. ಕಣ್ಣು ಮುಚ್ಚಿಕೊಂಡಳು. ಸೋಪಿನ ನೀರು ಹೋಗಿದ್ದರಿಂದ ಹೇಗೂ ಉರಿಯುತ್ತಿತ್ತು.

ಹಸಿ ತಲೆಯಲ್ಲೇ ಹನ್ನೆರಡನೆಯ ಮಹಡಿಗೆ ವಾಪಸಾದಾಗ ಅವಳ ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ತೆರೆದದ್ದು ಎದುರು ಮನೆಯ ಬಾಗಿಲು. ಅಲ್ಲಿದ್ದದ್ದು ಪ್ಯೊ, ನಿವೃತ್ತ ಬಸ್ ಚಾಲಕ. ಇಡೀ ಕಟ್ಟಡದಲ್ಲಿ ಕಾಡುಹಂದಿ ತಂಡದ ಏಕೈಕ ಅಭಿಮಾನಿ. ಎಂದೂ ತಲೆಯೆತ್ತಿ ನಮಸ್ಕಾರ ಹೇಳದ ಮನುಷ್ಯ ಇವತ್ತು ಸೊಂಟ ಮುರಿಯುವಷ್ಟು ಬಾಗಿದ.

"ಅಮ್ಮಾವ್ರೇ, ಚಳೀಲಿ ಯಾಕೆ ನಿಂತ್ಕೋತೀರಿ? ನಮ್ಮನೇಲೂ ಅದೇ ಆಟ ಬರ್ತಿದೆ."

ಯಾಕೆ ಕರೆಯುತ್ತಿದ್ದಾನೆಂದು ಒಕ್‌ಹೀಗೆ ಗೊತ್ತಾಗದೆ ಇರಲಿಲ್ಲ. ಇದು ದ್ರೋಹವೆಂದೂ ಗೊತ್ತಿತ್ತು. ಆದರೆ ಅವನ ಹೆಗಲ ಮೇಲಿಂದ ಟಿವಿ ಕಾಣುತ್ತಿತ್ತು, ಟಿವಿಯಲ್ಲಿ ತೇಗ್ಯು ಟೋಪಿ ಸರಿಮಾಡಿಕೊಳ್ಳುತ್ತ ಮೈದಾನಕ್ಕೆ ನಡೆದು ಬರುತ್ತಿದ್ದ. ಕಾಲು ತಾನಾಗಿ ಒಳಗೆ ಹೋಯಿತು.

ಅಡಿಯಿಂದ ಕಾಯಿಸಿದ ನೆಲದ ಅತಿ ಬೆಚ್ಚಗಿನ ಜಾಗದಲ್ಲಿ ಅವಳು ಕೂರಲೆಂದು ರೇಷ್ಮೆ ದಿಂಬು, ಸಿಪ್ಪೆ ಸುಲಿದ ಪಿಯರ್ ಹಣ್ಣು. ಮದುವೆಯಾದ ಮೇಲೆ ಒಬ್ಬ ಗಂಡಸು ಅವಳಿಗಾಗಿ ಹಣ್ಣು ಸುಲಿದದ್ದು ಇದೇ ಮೊದಲು.

ಒಂಬತ್ತನೆಯ, ಕೊನೆಯ ಸುತ್ತು. ತೇಗ್ಯು ಕೈ ಎತ್ತಿದ. ಒಕ್‌ಹೀ ಮುಖ ಮುಚ್ಚಿಕೊಂಡಳು.

"ಬೆರಳು ತೆಗೀರಿ ಅಮ್ಮಾವ್ರೇ. ದಯವಿಟ್ಟು. ರೆಪ್ಪೆ ಸಹ ಬಡೀಬೇಡಿ."

ತೆಗೆದಳು. ನೋಡಿದಳು. ಕಾಡುಹಂದಿಗಳ ಮೊದಲನೆಯವನು ಔಟಾದ. ಅವಳು ಇನ್ನೂ ಅಗಲವಾಗಿ ನೋಡಿದಳು. ಎರಡನೆಯವನು ಔಟಾದ. ಪ್ಯೊ ಹಣ್ಣಿನ ತಟ್ಟೆಯನ್ನು ಒಂದು ಗೇಣು ತನ್ನ ಕಡೆಗೆ ಎಳೆದುಕೊಂಡ. ಮೂರನೆಯವನೂ ಔಟಾಗಿ ಕಾಡುಹಂದಿಗಳ ಸರದಿ ಮುಗಿಯಿತು. ತಟ್ಟೆ ಅಡುಗೆಮನೆಗೆ ಹೋಯಿತು. ಆಮೇಲೆ ಕೊಕ್ಕರೆಗಳ ಸರದಿ. ಒಬ್ಬ ಓಡಿದ, ಇನ್ನೊಬ್ಬ ಹೊಡೆದ, ಚೆಂಡು ಗೋಡೆಗೆ ಬಡಿಯಿತು, ಇಬ್ಬರೂ ಮೈದಾನ ಸುತ್ತಿ ಬಂದು ಎರಡು ಅಂಕ ತಂದರು. ಕೊಕ್ಕರೆ ತಂಡ ಗೆದ್ದಿತು! ಅಷ್ಟು ಹೊತ್ತಿಗೆ ಒಕ್‌ಹೀ ಬರಿ ನೆಲದ ಮೇಲೆ ಕೂತಿದ್ದಳು. ದಿಂಬು ಪ್ಯೊನ ಕಂಕುಳಲ್ಲಿತ್ತು.

"ಅಮ್ಮಾವ್ರೇ, ಇನ್ನು ಹೊರಡಿ," ಎಂದ, ಅಳುವವನಂತೆ.

ಅವಳು ಕುಣಿಯುತ್ತಲೇ ಎದುರು ಬಾಗಿಲು ಬಡಿದಳು. ಒಳಗೆ ಹನ್ನೊಂದು ಜನ ಒಬ್ಬರನ್ನೊಬ್ಬರು ತಬ್ಬಿಕೊಂಡು ಹಾರುತ್ತಿದ್ದರು. ಬಾಗಿಲು ತೆರೆದ ಸಂಗ್‌ಗುವಿನ ಕಣ್ಣಲ್ಲಿ ನೀರು.

"ನೋಡಿದ್ಯಾ! ನೀನು ನೋಡಲಿಲ್ಲ, ಗೆದ್ವಿ!"

"ನಾನು ನೋಡಿದೆ," ಎಂದಳು ಒಕ್‌ಹೀ. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ಕೊನೇ ಸುತ್ತು ಪೂರ್ತಿ ನೋಡಿದೆ. ಎದುರು ಮನೇಲಿ ಕೂತು. ಕಣ್ಣು ಮಿಟುಕಿಸದೆ."

ತಬ್ಬಿಕೊಂಡಿದ್ದವರು ಕೈ ಬಿಟ್ಟರು. ಮ್ಯೊಂಗ್ಜಾ ತೊಡೆ ತಟ್ಟಿದಳು.

"ಅದಕ್ಕೇ! ಅವರ ಮನೇಲಿ ಕೂತ್ರೆ ಕಣ್ಣು ಅವರ ತಂಡಕ್ಕೆ ತಗಲುತ್ತೆ! ಸಂಗ್‌ಗು ಅಣ್ಣ, ಮುಂದಿನ ವರ್ಷ ಮೊದಲ ಆಟದಿಂದಲೇ ಅಕ್ಕನ್ನ ಆ ಮನೇಲಿ ಕೂರಿಸೋಣ!"

"ನಾನಿನ್ನು ಬಾಗಿಲು ತೆಗೆಯಲ್ಲ!" ಎಂದು ಪ್ಯೊ ತನ್ನ ಮನೆಯೊಳಗಿನಿಂದ ಕೂಗಿದ. ಎರಡೆರಡು ಚಿಲಕ ಬಿದ್ದ ಸದ್ದು ಕೇಳಿಸಿತು.

ಹಜಾರದ ಟಿವಿಯಲ್ಲಿ ತೇಗ್ಯು ಮೈಕಿನ ಮುಂದೆ ಬಂದು ನಿಂತಂತಿತ್ತು. ಅವನ ವಿದಾಯದ ಮಾತು ಶುರುವಾಗುತ್ತಿತ್ತು. ಒಕ್‌ಹೀ ಚಪ್ಪಲಿ ಬಿಟ್ಟು ಒಂದು ಕಾಲನ್ನು ಹೊಸ್ತಿಲೊಳಗೆ ಇಟ್ಟಳು. ಸಂಗ್‌ಗು ಮೆತ್ತಗೆ, ತುಂಬ ಪ್ರೀತಿಯಿಂದಲೇ, ಅವಳ ಹೆಗಲು ಹಿಡಿದು ಹೊರಕ್ಕೆ ತಿರುಗಿಸಿದ.

"ಒಂದೇ ಒಂದು ಗಳಿಗೆ ತಡಿಯೇ. ಟ್ರೋಫಿ ಇನ್ನೂ ಅವನ ಕೈಗೆ ಬಂದಿಲ್ಲ. ಬೀಳಿಸಿಬಿಟ್ಟಾನು."