ನಲವತ್ತೈದು ಸೆಕೆಂಡು, ಎರಡು ಭಾಷೆ

"ಆಗಲ್ಲ ಅಂದ್ರೆ ಆಗಲ್ಲ. ಫ್ರೆಂಚ್ ನಂದು, ಇಂಗ್ಲಿಷ್ ನಿಂದು. ಹುಟ್ಟಿದ ದಿನವೇ ಪಾಲಾಗಿದೆ," ಎಂದಳು ಗಿಲೆನ್.

ಟೊರಾಂಟೊದ ಸಭಾಂಗಣದಲ್ಲಿ ಅವಳೂ ಲಾರ್ನನೂ ಹನ್ನೆರಡನೆಯ ಸಾಲಿನಲ್ಲಿ ಕೂತಿದ್ದರು. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯ ಶಬ್ದ ಸಂಕಲನ ವಿಭಾಗದ ಅಂತಿಮ ಪಟ್ಟಿಯಲ್ಲಿ ಇಬ್ಬರ ಹೆಸರೂ ಜಂಟಿಯಾಗಿತ್ತು. ಗೆದ್ದರೆ ಮಾತಾಡಲು ನಲವತ್ತೈದು ಸೆಕೆಂಡು. ಎರಡೂ ಭಾಷೆ ಕಡ್ಡಾಯ.

ಲಾರ್ನ್: ಇಂಗ್ಲಿಷಿನವನು ಇಂಗ್ಲಿಷ್ ಮಾತಾಡಿದ್ರೆ ಚಪ್ಪಾಳೆ ಯಾರು ಹೊಡೀತಾರೆ? ಮೂರು ವಾರದಿಂದ ಬೆಕ್ಕಿನ ಮುಂದೆ ಫ್ರೆಂಚ್ ಅಭ್ಯಾಸ ಮಾಡಿದ್ದೀನಿ ಮಾರಾಯ್ತಿ.

ಗಿಲೆನ್: ಬೆಕ್ಕು ಏನಂತು?

ಲಾರ್ನ್: ಎದ್ದು ಹೋಯ್ತು. ಆದ್ರೆ ಬಾಗಿಲ ಹತ್ರ ಒಂದ್ಸಲ ತಿರುಗಿ ನೋಡ್ತು.

ಗಿಲೆನ್: ಅಲ್ಲಿ ನಮ್ಮೂರು ರಿಮೂಸ್ಕಿಯಲ್ಲಿ ನಮ್ಮಮ್ಮ ಟೀವಿ ಮುಂದೆ ಕೂತಿದ್ದಾಳೆ. ಅವಳಿಗೆ ಇಂಗ್ಲಿಷ್ ಬರಲ್ಲ. ನಾನು ರೇಡಿಯೊ ರಿಪೇರಿ ಮಾಡ್ತೀನಿ ಅಂತ್ಲೇ ಇಪ್ಪತ್ತು ವರ್ಷದಿಂದ ಊರೆಲ್ಲ ಹೇಳ್ಕೊಂಡು ಬಂದಿದ್ದಾಳೆ. ಇವತ್ತಾದ್ರೂ ನಾನೇ ತಿಳಿಸಿ ಹೇಳ್ಬೇಕು.

ಲಾರ್ನ್: ಓಹ್. ಸಾರಿ.

ಗಿಲೆನ್: ಛೆ, ನಾನು ಸಾರಿ.

ಲಾರ್ನ್: ಇಲ್ಲ ಇಲ್ಲ, ನಂದೇ ಸಾರಿ.

ಮುಂದಿನ ಸಾಲಿನ ಮುದುಕಿ ತಿರುಗಿ, ಜಗಳ ಕಿವಿಗೆ ಬಿದ್ದದ್ದಕ್ಕೆ ತಾನೂ ಸಾರಿ ಎಂದಳು.

ವೇದಿಕೆಯಲ್ಲಿ ನಿರೂಪಕ ಫ್ರೆಂಚಿನಲ್ಲೊಂದು ನಗೆಹನಿ ಹೇಳಿದ. ಅರ್ಧ ಸಭೆ ಕೂಡಲೇ ನಕ್ಕಿತು. ಉಳಿದರ್ಧ ಇಯರ್‌ಫೋನಿನಲ್ಲಿ ಅನುವಾದ ಬರುವವರೆಗೆ ಕಾದು, ಅತಿಥಿಯಾಗಿ ಬಂದಿದ್ದ ಸಚಿವರು ನಕ್ಕರೆಂದು ಖಾತ್ರಿ ಮಾಡಿಕೊಂಡು ನಕ್ಕಿತು. ಆಮೇಲೆ ಲಕೋಟೆ ಒಡೆದ. ಗಿಲೆನ್, ಲಾರ್ನ್ ಇಬ್ಬರದೇ ಹೆಸರು.

ಗಿಲೆನ್ ಮೈಕಿನ ಮುಂದೆ ಬಾಯಿ ತೆರೆದಳು. ಮೊದಲ ಸಾಲಿನಲ್ಲೊಬ್ಬ ಕೆಟ್ಟುಹೋದ ಇಯರ್‌ಫೋನನ್ನು ಮೊಣಕಾಲಿಗೆ ಬಡಿದುಕೊಳ್ಳುತ್ತ, ಪಾಪ, ಅವಳನ್ನೇ ನೋಡುತ್ತಿದ್ದ. ಹತ್ತು ಜನರಲ್ಲಿ ಒಬ್ಬನಿಗೆ ಫ್ರೆಂಚ್ ಬರದಿದ್ದರೆ ಒಂಬತ್ತು ಮಂದಿಯೂ ಇಂಗ್ಲಿಷಿಗೆ ಹೊರಳುವುದು ಅವಳ ಕಡೆಯವರ ರೂಢಿ. ನಾಲಿಗೆ ತಾನಾಗಿಯೇ ಹೊರಳಿತು. ನಿರ್ಮಾಪಕರು, ತಂತ್ರಜ್ಞರು, ವ್ಯಾನಿನ ಚಾಲಕ, ಎಲ್ಲರಿಗೂ ಇಂಗ್ಲಿಷಿನಲ್ಲೇ ಧನ್ಯವಾದ ಸಂದಿತು. ಆ ಮನುಷ್ಯನ ಮುಖ ಅರಳಿತು. ಆಗಲೇ ಅವಳಿಗೆ ಟೀವಿ ಮುಂದೆ ಕೂತ ಅಮ್ಮನ ನೆನಪಾದದ್ದು.

ಲಾರ್ನ್ ಜೇಬಿನಿಂದ ತನ್ನ ಫ್ರೆಂಚ್ ಭಾಷಣದ ಚೀಟಿ ತೆಗೆದ. ಅವಳ ಮುಖ ನೋಡಿ, ಮತ್ತೆ ಜೇಬಿಗೇ ಹಾಕಿದ. ಆಮೇಲೆ ಒಂದೊಂದೇ ಪದವನ್ನು ಜೋಡಿಸುತ್ತ ಫ್ರೆಂಚಿನಲ್ಲಿ ಹೇಳಿದ:

"ರಿಮೂಸ್ಕಿಯ ಅಮ್ಮಾ, ನಿಮ್ಮ ಮಗಳು ರೇಡಿಯೊ ರಿಪೇರಿ ಮಾಡಲ್ಲ. ಸಿನಿಮಾದಲ್ಲಿ ಹಿಮದ ಮೇಲೆ ಹೆಜ್ಜೆ ಸದ್ದು ಕೇಳ್ಸುತ್ತಲ್ಲ, ಅದು ಅವಳ ಕೆಲಸ."

ಸಮಯ ಮುಗಿಯಿತೆಂದು ಸಂಗೀತ ಎದ್ದಿತು. ಪರದೆಯ ಹಿಂದೆ ಬರುವಷ್ಟರಲ್ಲಿ ಗಿಲೆನ್‌ಳ ಫೋನು ಹೊಡೆದುಕೊಂಡಿತು.

ಅಮ್ಮ: ಆ ಉದ್ದನೆಯ ಹುಡುಗ ಎಷ್ಟು ಚೆನ್ನಾಗಿ ಹೇಳಿದ ಕಣೇ! ಎಲ್ಲ ಅರ್ಥ ಆಯ್ತು.

ಗಿಲೆನ್: ಮತ್ತೆ... ನಾನು, ಅಮ್ಮ?

ಅಮ್ಮ: ನೀನೆಲ್ಲಿದ್ದೆ? ಅವನ ಪಕ್ಕ ಯಾರೋ ಇಂಗ್ಲಿಷಿನವಳು ನಿಂತಿದ್ಲು. ನೋಡೋಕೆ ಥೇಟ್ ನಿನ್ನ ಹಾಗೇ.